ತೂತಿಲ್ಲದ ಹಿಡಿ

ನಮ್ಮಲ್ಲಿ ಪಾಲಾಗುವಾಗ ದೊಡ್ಡವನು ಭಾಗ ಮಾಡಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ಗೋವಿಂದರಾಜನಗರದ ನಮ್ಮ ಚಾಕು ಶೆಡ್ ಪಾಲಾದಾಗಲೂ ಹಾಗೇ ಆಯಿತು. ಭಾವ, ಅಂದರೆ ನಮ್ಮ ಯಜಮಾನರ ಅಣ್ಣ, ಒಂದು ಪಾಲಿಗೆ ಅಲಗು ಕತ್ತರಿಸುವ ಪ್ರೆಸ್ಸು, ಅದರ ಅಚ್ಚು, ಸಾಣೆ ಮೆಷೀನುಗಳನ್ನು ಇಟ್ಟರು. ಇನ್ನೊಂದಕ್ಕೆ ಪ್ಲಾಸ್ಟಿಕ್ ಹಿಡಿ ಮಾಡುವ ಹಳೇ ಮೆಷೀನು, ಹಿಡಿಗೆ ಆಕಾರ ಕೊಡುವ ಅದರ ಮೋಲ್ಡು. ನಮ್ಮವರು ದೊಡ್ಡ ದೊಡ್ಡ ಯಂತ್ರ ಕಂಡು ಮೊದಲನೆಯದನ್ನೇ ಆರಿಸಿಕೊಂಡರು. ಅಕ್ಕಿ ಡಬ್ಬದಷ್ಟಿದ್ದ ಆ ಮೋಲ್ಡಿನ ಬೆಲೆ ಆಗ ನನಗೂ ಹೊಳೆಯಲಿಲ್ಲ.

"ಹಿಡಿ ನಾನು ಕೊಡ್ತೀನಲ್ಲೋ, ಹೊರಗಿನವನಾ ನಾನು?" ಅಂದರು ಭಾವ.

ಆರು ತಿಂಗಳಲ್ಲಿ ಹೊರಗಿನವರೇ ಆದರು. ಹಿಡಿಯ ರೇಟು ಏರಿತು, ಬರುವುದು ತಡವಾಯಿತು. ವರಮಹಾಲಕ್ಷ್ಮಿ ಹಬ್ಬಕ್ಕೆ ಅಂಗಡಿಯವರು ಚಾಕು ಚಾಕು ಅಂತ ಫೋನ್ ಮಾಡುತ್ತಿದ್ದರೆ, ನಮ್ಮ ಅಲಗುಗಳು ಎಣ್ಣೆ ಸವರಿಕೊಂಡು ಟಬ್ಬಿನಲ್ಲಿ ಮಲಗಿದ್ದವು. ಕೇಳಲು ಹೋದೆ. ಓರಗಿತ್ತಿಯ ತವರಿನವರೆಲ್ಲ ಕೂತಿದ್ದ ಹಜಾರದಲ್ಲಿ ಭಾವ ನಗುತ್ತಾ, "ನೋಡಮ್ಮ, ನಿಮ್ಮನೇಲಿ ಒಲೆ ಉರಿಯೋದೇ ನನ್ನ ಹಿಡಿಯಿಂದ. ಜ್ಞಾಪಕ ಇರ್ಲಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಬೇಳೆ ತೊಳೆಯುತ್ತಾ ತೀರ್ಮಾನ ಮಾಡಿದೆ: ಆ ಮೋಲ್ಡು ತುಕ್ಕು ಹಿಡಿಯಬೇಕು.

ನಮ್ಮವರದು ಇನ್ನೊಂದು ರೋಷ. "ಲೋಹದ ಹಿಡಿ ಹಾಕೋಣ ಕಣೇ. ಪ್ಲಾಸ್ಟಿಕ್ಕಿನ ಮುಖಾನೇ ನೋಡೋದು ಬೇಡ."

ಸೇಡಿಗೂ ಲೆಕ್ಕ ಬೇಕು ಅಂತ ಇಬ್ಬರೂ ಸ್ಕೂಟರಿನಲ್ಲಿ ಬ್ಯಾಡರಹಳ್ಳಿಯ ಮೋಲ್ಡ್ ಮಾಡುವವನ ಹತ್ತಿರ ಹೋದೆವು. ಅಲ್ಯೂಮಿನಿಯಂ ಕರಗಿಸಿ ಹುಯ್ಯುವುದಾದರೆ ಆ ಕಾವು ತಡೆಯುವ ದುಬಾರಿ ಉಕ್ಕು ಬೇಕು, ಆದರೂ ಮೋಲ್ಡು ಬೇಗ ಬಿರುಕು ಬಿಡುತ್ತದೆ, ಒಂದೊಂದು ಹಿಡಿಯನ್ನೂ ಅರ ಹಾಕಿ ಉಜ್ಜಬೇಕು ಅಂದ. ಪ್ಲಾಸ್ಟಿಕ್ಕಿನದು ವರ್ಷಗಟ್ಟಲೆ ಬರುತ್ತದೆ. ಆದರೆ ಭಾವನ ಹತ್ತಿರ ಇರುವಂಥದ್ದೇ ಬೇಕೆಂದರೆ ಅದೂ ನಮ್ಮ ಕೈಗೆ ಎಟುಕುವುದಿಲ್ಲ. ಎರಡರ ಬೆಲೆಯನ್ನೂ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಂಡೆ.

ನೋಡಲೆಂದು ಅವನು ಕೊಟ್ಟ ಅಲ್ಯೂಮಿನಿಯಂ ಹಿಡಿಯ ಚಾಕುವನ್ನು ಒಂದು ವಾರ ಅಡುಗೆಮನೆಯಲ್ಲಿ ಬಳಸಿದೆ. ಬಾಳೆಕಾಯಿ ಹೆಚ್ಚಲು ಕೈಗೆ ಎಣ್ಣೆ ಹಚ್ಚಿಕೊಂಡ ದಿನ ಅದು ಜಾರಿ ಹೆಬ್ಬೆರಳು ಕುಯ್ದಿತು. ಲೋಹದ ಮಾತು ಅಲ್ಲಿಗೆ ಮುಗಿಯಿತು.

ಚಾಕು ವಾಪಸ್ ಕೊಡುವಾಗ ಕೇಳಿದೆ: "ಪ್ಲಾಸ್ಟಿಕ್ಕಿನ ಮೋಲ್ಡಿಗೆ ಯಾಕಪ್ಪ ಇಷ್ಟೊಂದು ದುಡ್ಡು?"

"ಹಿಡಿಗಲ್ಲ ಆಂಟಿ, ತೂತಿಗೆ. ಅಲಗಿನ ಬಾಲ ಒಳಗೆ ಕೂರೋ ತೂತು ಇದ್ಯಲ್ಲ, ಅದಕ್ಕೆ ಒಂದು ಸರಳು ಒಳಗೆ ಹೋಗಿ ಹೊರಗೆ ಬರ್ಬೇಕು. ಕೆಲ್ಸ ಎಲ್ಲಾ ಅಲ್ಲೇ."

"ತೂತೇ ಬೇಡ ಅಂದ್ರೆ?"

ಅವನು ತಲೆ ಕೆರೆದುಕೊಂಡು ರಟ್ಟಿನ ಮೇಲೆ ಗೀಚಿದ. ಅಲಗಿನ ಬಾಲವನ್ನೇ ಹಿಡಿಯಷ್ಟು ಅಗಲ, ಉದ್ದ ಮಾಡಿ, ಎರಡೂ ಕಡೆ ಚಪ್ಪಟೆ ಪ್ಲಾಸ್ಟಿಕ್ ತುಂಡು ಇಟ್ಟು ರಿವೆಟ್ ಹೊಡೆಯುವುದು. ಮೋಲ್ಡಿನ ಖರ್ಚು ಅರ್ಧಕ್ಕೂ ಕಮ್ಮಿ. ತುಂಡು ಒತ್ತಿಕೊಡಲು ಮೆಷೀನು ಅವನ ಹತ್ತಿರವೇ ಇತ್ತು.

ನನಗೆ ಬೇಕಾದದ್ದು ಇನ್ನೊಂದು ಇತ್ತು. ಭಾವನ ಹಿಡಿಯ ತೂತು ನಮ್ಮ ಹಳೇ ಬಾಲಕ್ಕೆ ಮಾತ್ರ ಸರಿ. ನಾವು ಬಾಲ ಬದಲಾಯಿಸಿದರೆ ಆ ಹಿಡಿಗಳು ಯಾರಿಗೂ ಬೇಡ.

ಹೊಸ ಮೋಲ್ಡು, ಪ್ರೆಸ್ಸಿಗೆ ಹೊಸ ಬಾಲದ ಅಚ್ಚು ತಯಾರಾಗುವವರೆಗೆ ಬಾಯಿ ಬಿಡಲಿಲ್ಲ. ದೀಪಾವಳಿಗೆ ಮುಂಚೆ ಭಾವ ಫೋನ್ ಮಾಡಿ, "ಈ ಸಲ ಎಷ್ಟು ಬೇಕಮ್ಮ?" ಅಂದಾಗ, "ಮಾಡಿಟ್ಟಿರಿ ಭಾವ, ನೋಡೋಣ" ಅಂದೆ. ಪಕ್ಕದಲ್ಲಿದ್ದ ನಮ್ಮವರು, "ಅಣ್ಣಂಗೆ ಒಂದು ಮಾತು ಹೇಳ್ಬಿಡೋಣ ಕಣೇ" ಅಂದರು.

"ಹೇಳೋಣ, ಹಬ್ಬ ಕಳೀಲಿ."

ಹಬ್ಬ ಕಳೆಯುವ ಮುಂಚೆಯೇ, ಅಂಗಡಿಯಲ್ಲಿ ನಮ್ಮ ಹೊಸ ಚಾಕು ಕಂಡು, ಭಾವ ಒಂದನ್ನು ಕೊಂಡುಕೊಂಡೇ ಬಂದರು. ಚಾಕು ಹಿಂದೆ ಮುಂದೆ ತಿರುಗಿಸಿ, ಹೆಬ್ಬೆರಳಿಂದ ತೂತು ಹುಡುಕಿದರು. ನಾನು ಕಾಫಿ ಕೊಟ್ಟೆ, ಸಕ್ಕರೆ ಸರಿ ಇದ್ಯಾ ಅಂತಲೂ ಕೇಳಿದೆ.

"ಮನೇಲಿ ಹದಿನೆಂಟು ಮೂಟೆ ಹಿಡಿ ಇದೆ ಕಣೋ," ಅಂದರು ತಮ್ಮನಿಗೆ. ದನಿ ಇಳಿದಿತ್ತು. "ಹಳೇ ತರದ ಅಲಗು ಸ್ವಲ್ಪ ಹೊಡ್ಕೊಡು. ಅದಾದ್ರೂ ಖರ್ಚಾಗ್ಲಿ."

ನಮ್ಮವರು ಕರಗಿದರು. ಎದ್ದು ಶೆಡ್ಡಿನ ಬೀಗದ ಕೈಗೆ ಕೈ ಚಾಚಿದರು.

"ಹಳೇ ಬಾಲ ಹೊಡೆಯೋ ಅಚ್ಚು ಇಲ್ಲ," ಅಂದೆ. "ಹೋದ ವಾರ ಗುಜರಿಯವನಿಗೆ ತೂಕಕ್ಕೆ ಹಾಕ್ದೆ."

ಯಜಮಾನರು ನನ್ನ ಕಡೆ ತಿರುಗಿದರು. ಅವರಿಗೂ ಅದು ಗೊತ್ತಾದದ್ದು ಆ ಕ್ಷಣದಲ್ಲೇ.