ಗಂಟಲಿಂದ ತುಟಿಯವರೆಗೆ

ಕಪಾಟು ಸ್ವಚ್ಛ ಮಾಡುವಾಗ ಸುರುಳಿ ಸುತ್ತಿದ್ದ ನಕ್ಷೆಯೊಂದು ಕೈಗೆ ಸಿಕ್ಕಿತು. ಬಿಚ್ಚಿದೆ. ಅತ್ತರಿನ ವಾಸನೆ ಇನ್ನೂ ಹೋಗಿರಲಿಲ್ಲ... ಸಂಶಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಉಸ್ತಾದರು, ಕಿವಿಯಲ್ಲಿ ಅತ್ತರಿನ ಹತ್ತಿ ಇಟ್ಟುಕೊಂಡು, ಈ ನಕ್ಷೆಯ ಮೇಲೆ ಬಗ್ಗಿಯೇ ನನ್ನೊಡನೆ ವಾದಕ್ಕೆ ನಿಲ್ಲುತ್ತಿದ್ದರು.

ಅವರು ಮಕ್ಕಳಿಗೆ ಅರಬ್ಬಿ ಕಲಿಸುವವರು, ನಾನು ಕಾಲೇಜಿನಲ್ಲಿ ಭಾಷಾವಿಜ್ಞಾನ ಹೇಳುವವಳು. ಬಾಯಿಯ ಯಾವ ಜಾಗದಲ್ಲಿ ಯಾವ ಧ್ವನಿ ಹುಟ್ಟುತ್ತದೆಂದು ತೋರಿಸುವ ನನ್ನ ನಕ್ಷೆ ತುಟಿಯಿಂದ ಶುರುವಾಗಿ ಗಂಟಲಿಗೆ ಮುಗಿಯುತ್ತದೆ. ಹಳೆಯ ಅರಬ್ಬಿ ಪಂಡಿತರು ಈ ಜಾಗಗಳನ್ನು ಎಷ್ಟೋ ಶತಮಾನಗಳ ಹಿಂದೆಯೇ ಗುರುತಿಸಿದ್ದರು, ಆದರೆ ಗಂಟಲಿನ ತಳದಿಂದ ಎಣಿಸಿದ್ದರು.

“ಉಸರ ಒಳಗಿಂದ ಬರತೈತ್ರಿ ಅಕ್ಕಾರ. ನಮ್ಮ ಕನ್ನಡದ ಕ ಖ ಗ ಸುದ್ಧಾ ಒಳಗಿಂದನ ಹೊಂಡ್ತಾವು. ನೀವ್ಯಾಕ ಬಾಗಲಿಂದ ಎಣಸ್ತೀರಿ?”

“ಕಣ್ಣಿಗಿ ಕಾಣೂದು ತುಟಿರಿ,” ಎನ್ನುತ್ತಿದ್ದೆ. ಸೋಲುವ ಜಾಯಮಾನ ನನ್ನದಲ್ಲ, ಅವರದೂ ಅಲ್ಲ. ಮಕ್ಕಳು ಅರಬ್ಬಿಯ ಗಂಟಲಿನ ಅಕ್ಷರವನ್ನು ನಮ್ಮೂರ ಧಾಟಿಯಲ್ಲಿ ತೇಲಿಸಿಬಿಟ್ಟರೆ ನನಗೆ ಅದು ಬರೆದುಕೊಳ್ಳುವ ಸಂಗತಿ, ಅವರಿಗೆ ತಿದ್ದಲೇಬೇಕಾದ ತಪ್ಪು.

ಆಮೇಲೆ ಅವರ ದನಿ ಒಡೆಯತೊಡಗಿತು. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆ ತೆಗೆಯದಿದ್ದರೆ ಜೀವ ಉಳಿಯದು ಎಂದರು ಹುಬ್ಬಳ್ಳಿಯ ಡಾಕ್ಟರು. ಸಂಜೆಯೊಳಗೆ ಒಪ್ಪಿಗೆ ಬೇಕಿತ್ತು. ಉಸ್ತಾದರು ಒಪ್ಪಲಿಲ್ಲ. ಅವರ ಹೆಂಡತಿ ನನ್ನ ಕೈ ಹಿಡಿದು, “ನೀವರ ಹೇಳ್ರಿ, ನಿಮ್ಮ ಮಾತ ಕೇಳ್ತಾರ” ಎಂದರು. ಅವರು ನನ್ನ ಮಾತು ಯಾವತ್ತು ಕೇಳಿದ್ದರು...

ವಾರ್ಡಿನ ಒಳಗೆ ಹೋದೆ. ಗೋಡೆ ನೋಡುತ್ತ ಮಲಗಿದ್ದರು. ಒಡೆದ ದನಿಯಲ್ಲಿ ಕೇಳಿದರು, “ಗಂಟಲ ಹೋದ ಮ್ಯಾಲ ನಿಮ್ಮ ನಕ್ಷಾದಾಗ ಏನ ಉಳೀತೈತ್ರಿ?”

ಸುಳ್ಳು ಹೇಳಿದ್ದರೆ ಅವರಿಗೆ ತಕ್ಷಣ ಗೊತ್ತಾಗುತ್ತಿತ್ತು. “ಗಂಟಲಿನವು ಹೋಗ್ತಾವ್ರಿ. ನಾಲಿಗಿವು ಒಂದೀಟು, ತುಟಿವು ಉಳೀತಾವು.”

ನರ್ಸ್ ಒಪ್ಪಿಗೆಯ ಕಾಗದ ಹಿಡಿದು ಎರಡನೇ ಸಲ ಬಾಗಿಲಿಗೆ ಬಂದು ನಿಂತಳು.

“ಅಂದ್ರ ನೀವ ಗೆದ್ದಂಗಾತು,” ಎಂದು ನರ್ಸಿನ ಕಡೆ ತಿರುಗಿ ಹೂಂ ಎಂಬಂತೆ ತಲೆಯಾಡಿಸಿದರು. ನಾನು ಕೇಳಿದ ಅವರ ಕೊನೆಯ ದನಿ ಅದು.

ಗುಣವಾಗಿ ಬಂದವರು ಸನ್ನೆಯಿಂದ ಈ ನಕ್ಷೆಯನ್ನೇ ಕೇಳಿದರು. ಮಕ್ಕಳು ಓದುವಾಗ ತಪ್ಪಿದ ಕಡೆ ಸುಮ್ಮನೆ ಅದರ ಮೇಲೆ ಬೆರಳಿಡುತ್ತಿದ್ದರು. ಹುಡುಗರು ನೋಡಿಕೊಂಡು ಮತ್ತೆ ಹೇಳುತ್ತಿದ್ದರು. ಹಾಗೆಯೇ ಕೆಲವು ವರ್ಷ ಪಾಠ ನಡೆಯಿತು. ಅವರು ತೀರಿಕೊಂಡ ಮೇಲೆ ಹೆಂಡತಿ ನಕ್ಷೆಯನ್ನು ಮರಳಿ ಕೊಟ್ಟರು. ಬಿಚ್ಚಿ ನೋಡುವ ಧೈರ್ಯ ನನಗೆ ಇರಲಿಲ್ಲ.

ಇವತ್ತು ನೋಡಿದೆ. ತುಟಿಯ ಕಡೆ ನಕ್ಷೆ ಹೊಸದರಂತೆಯೇ ಇದೆ. ಗಂಟಲಿನ ಕಡೆ ಅವರ ಬೆರಳು ಆಡಿ ಆಡಿ ಕಾಗದ ತೂತಾಗಿದೆ. ನಾನು ಗೆದ್ದಿರಲಿಲ್ಲ. ಅದನ್ನು ಒಪ್ಪಿಕೊಳ್ಳೋಣವೆಂದರೆ ಪಕ್ಕದ ಮನೆಯಲ್ಲಿ ಅವರಿಲ್ಲ.