ಸೋಮವಾರ ಸತ್ತವನ ಮತ

ಮರ್ನಾ ವಿಟಾಲಳಿಗೆ ನಮ್ಮೂರಲ್ಲಿ ಹಗ್ಗದ ಮರ್ನಾ ಎಂದೇ ಹೆಸರು. ಊರಿನ ಚುನಾವಣೆ ನಡೆಸುವ ಟೌನ್ ಕ್ಲರ್ಕ್ ಆಗಿ ಇಪ್ಪತ್ತಾರು ವರ್ಷ ಆಯ್ಕೆಯಾಗುತ್ತ ಬಂದವಳು. ಪ್ರತಿ ಚುನಾವಣೆಯ ಬೆಳಿಗ್ಗೆ ಟೌನ್ ಹಾಲಿನ ಬಾಗಿಲಿಂದ ನೂರಡಿ ಹಗ್ಗ ಎಳೆದು ಅಳೆಯುತ್ತಿದ್ದಳು. ಆ ನೂರಡಿಯೊಳಗೆ ಯಾವ ಅಭ್ಯರ್ಥಿಯ ಫಲಕವೂ ಇರಕೂಡದು. ಒಮ್ಮೆ ನನ್ನ ತಲೆಯ ಮೇಲಿನ ಟೋಪಿಯನ್ನೇ ಕಿತ್ತುಕೊಂಡಳು, ಅದರ ಮೇಲೆ ಎಂದೋ ಸೋತು ಮನೆ ಸೇರಿದವನೊಬ್ಬನ ಹೆಸರಿತ್ತು.

"ಅವನು ಸತ್ತು ಎಂಟು ವರ್ಷ ಆಯ್ತು ಕಣೇ," ಎಂದೆ.

"ಸತ್ತೋರಿಗೂ ಕಾನೂನು ಒಂದೇ. ಸಂಜೆ ಬಂದು ಇಸ್ಕೋ," ಎಂದಳು.

ಇನ್ನೊಮ್ಮೆ ಅವಳ ಸ್ವಂತ ಮೈದುನ ಎಂಟು ಗಂಟೆ ಎರಡು ನಿಮಿಷಕ್ಕೆ ಏದುಸಿರು ಬಿಡುತ್ತ ಬಂದ. ಸಂಜೆ ಎಂಟಕ್ಕೆ ಮತದಾನ ಮುಗಿಯುತ್ತದೆ. ಬಾಗಿಲು ತೆರೆಯಲಿಲ್ಲ. ಅವನು ಗಾಜಿಗೆ ಮೂಗು ಒತ್ತಿ ಬೈದ, ಇವಳು ಒಳಗಿಂದ ಗಡಿಯಾರ ತೋರಿಸಿದಳು. ಆಗೆಲ್ಲ ನಾವು ನಗುತ್ತಿದ್ದೆವು. ಆ ನಗುವಿನಲ್ಲಿ ಹೆಮ್ಮೆಯೂ ಇತ್ತು. ಬೇರೆ ಊರುಗಳಲ್ಲಿ ಎಣಿಕೆಯ ಬಗ್ಗೆ ಜಗಳವಾದರೆ, ನಮ್ಮ ಆಲ್ಡರ್ ಕ್ರೀಕ್‌ನಲ್ಲಿ ಮಾತ್ರ ಮರ್ನಾ ಹೇಳಿದ ಸಂಖ್ಯೆಯನ್ನು ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ನನ್ನ ಹೆಸರು ಹಾರ್ಲನ್. ಅವಳ ಕೈಕೆಳಗೆ ಹದಿನೇಳು ವರ್ಷ ಮತಗಟ್ಟೆ ನೋಡಿಕೊಂಡವನು. ಅದಕ್ಕೂ ಹಿಂದೆ ಮೂವತ್ತು ವರ್ಷ ಕಾಗದದ ಗಿರಣಿಯ ಬಾಯ್ಲರ್ ಮನೆಯಲ್ಲಿದ್ದೆ, ಅವಳ ಗಂಡ ಡ್ವೇನ್‌ನ ಜೊತೆಗೆ. ಗಿರಣಿ ಮುಚ್ಚಿ ಹೋಯಿತು, ಧೂಳು ಮಾತ್ರ ನಮ್ಮ ಎದೆಯಲ್ಲಿ ಉಳಿಯಿತು. ನನಗೆ ಮೆಟ್ಟಿಲು ಹತ್ತಿದರೆ ಕೆಮ್ಮು. ಡ್ವೇನ್‌ಗೆ ಕೂತಲ್ಲೇ ಕೆಮ್ಮು. ಕೊನೆಯ ವರ್ಷ ಅವನು ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಬದುಕಿದ.

ಆ ಶರತ್ಕಾಲದಲ್ಲಿ ನಮ್ಮ ಕ್ಷೇತ್ರದಿಂದ ರಾಜ್ಯ ವಿಧಾನಸಭೆಗೆ ಕೋಲೀನ್ ಜಾಬ್ರೋಸ್ಕಿ ನಿಂತಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ, ನಮ್ಮ ಗಿರಣಿಯಲ್ಲೇ ದುಡಿದು ಕೆಮ್ಮಿ ಸತ್ತ ಫ್ರಾಂಕ್‌ನ ಮಗಳು. ಗಿರಣಿಯವರ ಎದೆರೋಗದ ತಪಾಸಣೆಗೂ ಔಷಧಕ್ಕೂ ಒಂದು ಕಾನೂನು ತರುತ್ತೇನೆ, ಬೇರೇನೂ ನನಗೆ ಗೊತ್ತಿಲ್ಲ ಎಂದು ಮನೆಮನೆಗೆ ನಡೆದು ಹೇಳಿದಳು. ಎದುರಾಳಿ ಗ್ಯಾರೆಟ್ ಲುಂಡೀನ್ ಸರೋವರದ ದಂಡೆಯಲ್ಲಿ ದೋಣಿ ಮಾರುವವನು, ಮೂರು ಸಲ ಗೆದ್ದವನು. ಈ ಸಲ ಅವನ ಮುಖದಲ್ಲೂ ಬೆವರು ಕಂಡಿತು.

ಡ್ವೇನ್ ಅಕ್ಟೋಬರ್‌ನಲ್ಲೇ ಕೋಲೀನ್‌ಗೆ ಅಂಚೆ ಮತ ಹಾಕಿದ. ಲಕೋಟೆ ಟೌನ್ ಹಾಲಿನ ಕಪಾಟು ಸೇರಿತು. ಆದರೆ ಒಂದು ತೊಡಕು. ನಮ್ಮ ವಿಸ್ಕಾನ್ಸಿನ್‌ನಲ್ಲಿ ಅಂಚೆ ಮತ ಹಾಕಿದವನು ಚುನಾವಣೆಯ ದಿನಕ್ಕೆ ಮೊದಲೇ ಸತ್ತರೆ ಆ ಮತ ಲೆಕ್ಕಕ್ಕಿಲ್ಲ. ಇದು ಡ್ವೇನ್‌ಗೂ ಗೊತ್ತಿತ್ತು. ಕ್ಲರ್ಕಿನ ಗಂಡನಿಗೆ ಗೊತ್ತಿರದೆ ಇನ್ಯಾರಿಗೆ?

ಮಂಗಳವಾರ ಚುನಾವಣೆ. ಅದರ ಹಿಂದಿನ ಭಾನುವಾರ ಮಧ್ಯಾಹ್ನ ಫುಟ್‌ಬಾಲ್ ಆಟ ನೋಡುವ ನೆಪದಲ್ಲಿ ಅವರ ಮನೆಗೆ ಹೋಗಿದ್ದೆ. ಡ್ವೇನ್‌ನ ತುಟಿ ನೀಲಿಗಟ್ಟಿತ್ತು. ಟಿ.ವಿ.ಯ ಧ್ವನಿ ತಗ್ಗಿಸಲು ಸನ್ನೆ ಮಾಡಿ ಮರ್ನಾಳನ್ನು ಹತ್ತಿರ ಕರೆದ.

"ಮಂಗಳವಾರದ ತನಕ ತಡ್ಕೋತೀನಿ ಕಣೇ. ಆಗದೇ ಹೋದ್ರೆ... ದಾದಿಗೆ ಫೋನ್ ಮಾಡೋಕೆ ಅವಸರ ಮಾಡ್ಬೇಡ. ನನ್ನ ಪಾಡಿಗೆ ಇಲ್ಲೇ ಕೂತಿರ್ತೀನಿ. ಎಲ್ಲಿಗೂ ಓಡಿ ಹೋಗಲ್ಲ."

"ಸುಮ್ನಿರಿ, ಉಸಿರು ಹಾಳು ಮಾಡ್ಕೋಬೇಡಿ."

"ಹೂಂ ಅನ್ನು. ಹಾರ್ಲನ್ ಇದ್ದಾನೆ, ಸಾಕ್ಷಿ. ನಂಗೆ ಇನ್ನೇನೂ ಬೇಡ. ಇದೊಂದು ನಡೆಸಿಕೊಡು."

ಅವಳು ಅವನ ಕಂಬಳಿಯ ಅಂಚನ್ನು ಎರಡು ಸಲ ಮಡಚಿದಳು. ಆಮೇಲೆ, "ಆಯ್ತು," ಎಂದಳು. ನಾನು ಕಿವಿಯಾರೆ ಕೇಳಿದೆ.

ಸೋಮವಾರ ಮಧ್ಯಾಹ್ನ ಮೂರೂವರೆಗೆ ಡ್ವೇನ್ ಹೋದ. ಹೊರಗೆ ಹಿಮಮಳೆ, ರಸ್ತೆಯ ಮೇಲೆಲ್ಲ ಗಾಜಿನಂಥ ಮಂಜುಗಡ್ಡೆ. ಮನೆಯಲ್ಲಿ ಸತ್ತವರನ್ನು ದಾದಿ ಬಂದು ಪರೀಕ್ಷಿಸಿ ಬರೆದ ಹೊತ್ತೇ ನಮ್ಮಲ್ಲಿ ಸಾವಿನ ಹೊತ್ತು. ಮರ್ನಾ ನಾಲ್ಕಕ್ಕೆ ಮುಂಚೆಯೇ ದಾದಿ ಟ್ರೂಡಿಗೆ ಫೋನ್ ಮಾಡಿದಳು. ಆ ಫೋನಿನಲ್ಲಿ ಆದ ಮಾತು ಮುಂದೆ ಟ್ರೂಡಿಯ ಬಾಯಿಂದಲೇ ಊರಿಗೆಲ್ಲ ಗೊತ್ತಾಯಿತು.

ಟ್ರೂಡಿ ಹೇಳಿದ್ದಿಷ್ಟು: "ರಸ್ತೆ ತುಂಬ ಜಾರ್ತಾ ಇದೆ ಮರ್ನಾ. ನೀವು ಅವರ ಹತ್ರ ಕೂತಿರಿ, ನಾನು ಬೆಳಿಗ್ಗೆ ಬೇಗ ಬಂದು ನೋಡಿ ಬರ್ಕೋತೀನಿ. ಯಾರೂ ಏನೂ ಅನ್ನಲ್ಲ."

ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ. ಟ್ರೂಡಿಗೆ ಮತದ ವಿಚಾರ ತಲೆಯಲ್ಲೇ ಇರಲಿಲ್ಲ, ಹಿಮದ ಭಯವಷ್ಟೇ. ಮರ್ನಾ ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಸರಿ ಎಂದರೆ ಸಾಕಿತ್ತು.

"ಇವತ್ತೇ ಬನ್ನಿ," ಎಂದಳು ಮರ್ನಾ. "ಜಾರದ ಹಾಗೆ ರಸ್ತೆಗೆ ಮರಳು ಚೆಲ್ಲೋ ಗಾಡಿಗೆ ನಾನೇ ಹೇಳ್ತೀನಿ, ಅದರ ಹಿಂದೇನೇ ಬನ್ನಿ."

ಐದೂಕಾಲು ಎಂದು ದಾಖಲಾಯಿತು. ಸೋಮವಾರ.

ಇದೊಂದೂ ತಿಳಿಯದೆ ನಾನು ಮಂಗಳವಾರ ಬೆಳಿಗ್ಗೆ ಟೌನ್ ಹಾಲಿಗೆ ಹೋದರೆ ಅವಳು ಆಗಲೇ ಹಗ್ಗ ಸುತ್ತಿಡುತ್ತಿದ್ದಳು. ಡ್ವೇನ್ ಹೇಗಿದ್ದಾನೆ ಎಂದು ಕೇಳಿದೆ. "ನೋವಿಲ್ಲ," ಎಂದಳು. ನಾನು ಸಮಾಧಾನದಿಂದ ಕಾಫಿ ಹಾಕಿಕೊಂಡೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹತ್ತು ಗಂಟೆಗೆ ಅಂಚೆ ಮತಗಳನ್ನು ಕೈಗೆತ್ತಿಕೊಂಡೆವು. ಒಂದೊಂದು ಲಕೋಟೆ ಎತ್ತಿ ಅದರ ಮೇಲಿನ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗುವುದು ನನ್ನ ಕೆಲಸ. ಆಕ್ಷೇಪವಿದ್ದವರು ಹೇಳಬಹುದು. ಹೇಳಿದವರನ್ನು ನಾನು ಕಂಡೇ ಇರಲಿಲ್ಲ. ಟೌನ್ ಹಾಲಿನಲ್ಲಿ ಹದಿನೈದಿಪ್ಪತ್ತು ಜನ ಮತ ಹಾಕಲು ಸಾಲು ನಿಂತಿದ್ದರು, ಕೋಲೀನ್‌ಳ ಅಮ್ಮನೂ ಇದ್ದಳು.

"ಡ್ವೇನ್ ವಿಟಾಲ," ಎಂದು ಕೂಗಿದೆ. ಸ್ನೇಹಿತನ ಹೆಸರೆಂದು ಕೊಂಚ ಜೋರಾಗಿಯೇ ಕೂಗಿದೆ.

"ತೀರಿಕೊಂಡಿದ್ದಾರೆ," ಎಂದಳು ಪಕ್ಕದ ಮೇಜಿನಿಂದ ಮರ್ನಾ. "ನಿನ್ನೆ. ಪಕ್ಕಕ್ಕಿಡು."

ನಾನು ಲಕೋಟೆ ಹಿಡಿದೇ ಅವಳನ್ನು ನೋಡಿದೆ. ಕಣ್ಣು ಕೆಂಪಾಗಿತ್ತು.

"ಮರ್ನಾ, ಇದೇನೇ... ನೀನು ಇಲ್ಲಿ ಯಾಕಿದ್ದೀಯಾ?"

"ಬೇರೆ ಯಾರಿದ್ದಾರೆ? ತಿರಸ್ಕೃತ ಅಂತ ಬರಿ, ಕಾರಣ ಬರಿ, ಸಹಿ ಹಾಕು. ಜನ ಕಾಯ್ತಿದ್ದಾರೆ."

ಬರೆದೆ. ಮೂವತ್ತು ವರ್ಷ ನನ್ನ ಜೊತೆ ಬೆಂಕಿಯ ಮುಂದೆ ಬೆಂದವನ ಲಕೋಟೆಯ ಮೇಲೆ ನನ್ನ ಕೈಯಾರೆ ಬರೆದೆ. ಅವಳು ಸಂಜೆ ಎಂಟರ ತನಕ ಕೂತಿದ್ದಳು, ಊಟಕ್ಕೂ ಏಳಲಿಲ್ಲ.

ಮೊದಲ ಎಣಿಕೆಯಲ್ಲಿ ಕೋಲೀನ್ ನಾಲ್ಕು ಮತಗಳಿಂದ ಸೋತಳು. ಇಡೀ ಕ್ಷೇತ್ರದಲ್ಲಿ ಇಪ್ಪತ್ತೆಂಟು ಸಾವಿರ ಮತ, ಅದರಲ್ಲಿ ನಾಲ್ಕು. ಮರು ಎಣಿಕೆ ಕೇಳಿದರು. ಶನಿವಾರ ಡ್ವೇನ್‌ನ ಅಂತ್ಯಕ್ರಿಯೆಗೆ ಚರ್ಚು ತುಂಬಿತ್ತು. ನಮ್ಮಲ್ಲಿ ಸಾವಿನ ಮನೆಗೆ ಹೆಂಗಸರು ಅಡುಗೆ ಮಾಡಿ ಕಳಿಸುತ್ತಾರೆ, ಆಲೂಗಡ್ಡೆ, ಮಾಂಸ, ಮೇಲೆ ಚೀಸ್ ಹಾಕಿ ಬೇಯಿಸಿದ್ದು. ಪಾತ್ರೆಯ ತಳದಲ್ಲಿ ಅವರವರ ಹೆಸರಿನ ಚೀಟಿ ಅಂಟಿಸಿರುತ್ತಾರೆ. ಮರ್ನಾಳ ಅಡುಗೆಮನೆಯಲ್ಲಿ ಇಪ್ಪತ್ತು ಪಾತ್ರೆ ಸೇರಿದವು.

ಚುನಾವಣೆಯಾಗಿ ಹದಿನೇಳು ದಿನಕ್ಕೆ ಮರು ಎಣಿಕೆ ಮುಗಿಯಿತು. ಅಂತರ ಒಂದಕ್ಕೆ ಇಳಿದಿತ್ತು. ಡ್ವೇನ್‌ನ ಮತ ಸೇರಿದ್ದರೆ ಸಮ, ಸಮವಾದರೆ ಚೀಟಿ ಎತ್ತುವುದು. ಅದೃಷ್ಟಕ್ಕಾದರೂ ಒಂದು ಬಾಗಿಲು ತೆರೆದಿರುತ್ತಿತ್ತು.

ಆ ಶುಕ್ರವಾರ ಬಾರಿನಲ್ಲಿ ಮೀನಿನ ಊಟಕ್ಕೆ ಎಲ್ಲರೂ ಸೇರಿದ್ದಾಗ ಟ್ರೂಡಿ ಅತ್ತುಕೊಂಡು ಫೋನಿನ ಕಥೆ ಹೇಳಿದಳು. "ನಂಗೇನು ಗೊತ್ತಿತ್ತು, ನಾನು ಬೆಳಿಗ್ಗೆ ಬರ್ತೀನಿ ಅಂತಾನೇ ಅಂದೆ," ಎಂದಳು. ನನ್ನ ಬಾಯಿಗೂ ಅವತ್ತು ಬೀಗವಿರಲಿಲ್ಲ. ಭಾನುವಾರ ಅವನು ಕೇಳಿದ್ದನ್ನು, ಇವಳು ಆಯ್ತು ಎಂದಿದ್ದನ್ನು ನಾನೇ ಎಲ್ಲರ ಮುಂದೆ ಹೇಳಿದೆ. ಹೇಳಬಾರದಿತ್ತು. ಹೇಳಿದೆ.

ಮರುದಿನದಿಂದ ಹೆಂಗಸರು ತಮ್ಮ ತಮ್ಮ ಪಾತ್ರೆ ಕೇಳಲು ಬಂದರು. ಯಾರೂ ಒಳಗೆ ಕಾಲಿಡಲಿಲ್ಲ, ಹೊಸ್ತಿಲಾಚೆ ಕೈಗವಸು ಕೂಡ ತೆಗೆಯದೆ ನಿಂತರು. ಅವಳು ತಳದ ಹೆಸರು ಓದಿ ಓದಿ ಒಂದೊಂದನ್ನೇ ತಂದುಕೊಟ್ಟಳು. ಎಲ್ಲವೂ ಥಳಥಳ ತೊಳೆದಿದ್ದವು. "ಗಂಡನ್ನ ಎರಡು ಸಲ ಕೊಂದಳು," ಎಂದು ಅಂಗಡಿಯಲ್ಲಿ ಅವಳಿಗೆ ಕೇಳುವ ಹಾಗೆಯೇ ಯಾರೋ ಅಂದರು.

ಕೋಲೀನ್ ಒಬ್ಬಳೇ ಮನೆಯೊಳಗೆ ಹೋದವಳು. ನಾನು ಅವತ್ತು ಮರ್ನಾಳ ಅಂಗಳದ ಹಿಮ ಬಾಚಲು ಹೋಗಿದ್ದೆ. ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತ ಅನ್ನಿ. ಕಾಫಿಗೆ ಕರೆದರು, ಕೂತೆ.

"ಬೈಯೋಕೆ ಬಂದಿಲ್ಲ ಮರ್ನಾ," ಎಂದಳು ಕೋಲೀನ್. "ಒಂದೇ ಕೇಳ್ತೀನಿ. ಒಂದು ರಾತ್ರಿ ಗಂಡನ ಪಕ್ಕ ಸುಮ್ನೆ ಕೂರೋಕೆ ಆಗ್ಲಿಲ್ವಾ ನಿಮಗೆ?"

"ಕೂರ್ತಿದ್ದೆ. ಕೂತಿದ್ರೆ ಯಾಕೆ ಕೂತೆ ಅನ್ನೋದು ನಂಗೆ ಗೊತ್ತಿರ್ತಿತ್ತಲ್ಲ."

"ಅವರಿಗೆ ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ನಲವತ್ನಾಲ್ಕು ವರ್ಷದಲ್ಲಿ ಅವರಿಗೆ ಹೇಳಿದ ಸುಳ್ಳು ಅದೊಂದೇ. ಹೇಳೋವಾಗ್ಲೇ ಸುಳ್ಳು ಅಂತ ಗೊತ್ತಿತ್ತು. ಸಮಾಧಾನವಾಗಿ ಹೋಗ್ಲಿ ಅಂತ ಹೇಳ್ದೆ. ಹೋದ್ರು."

ಕೋಲೀನ್ ಕಾಫಿ ಮುಟ್ಟದೆ ಎದ್ದು ಹೋದಳು. ಜನವರಿಯಲ್ಲಿ ಲುಂಡೀನ್ ಪ್ರಮಾಣವಚನ ಸ್ವೀಕರಿಸಿದ.

ಏಪ್ರಿಲ್‌ನಲ್ಲಿ ಊರಿನ ಚುನಾವಣೆ ಬಂತು. ಕ್ಲರ್ಕ್ ಹುದ್ದೆಗೆ ಮರ್ನಾಳ ಎದುರು ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಒಬ್ಬರು ನಿಂತರು, ಪೆಟ್ರೋಲ್ ಬಂಕಿನ ಷೆರಿಲ್. ಅವಳಿಗೆ ಮತಪತ್ರ ಯಾವ ಕಡೆಯಿಂದ ಮಡಚುವುದೆಂದೂ ತಿಳಿಯದು. ಬೇಡ, ಹಿಂದೆ ಸರಿ ಎಂದು ನಾನು ಮರ್ನಾಳಿಗೆ ಹೇಳಿ ನೋಡಿದೆ. "ನಾನೇನು ತಪ್ಪು ಮಾಡಿದ್ದೀನಿ ಅಂತ ಸರೀಲಿ? ತಪ್ಪು ಅಂದ್ರೆ ಜನ ಹೇಳ್ಲಿ, ಎಣಿಸೋಣ," ಎಂದಳು. ತನ್ನ ಹೆಸರೇ ಇರುವ ಚುನಾವಣೆಯೆಂದು ಆ ದಿನ ಅವಳು ಎಣಿಕೆಯ ಮೇಜಿನ ಹತ್ತಿರ ಸುಳಿಯಲಿಲ್ಲ. ಸಾರ್ವಜನಿಕರ ಬೆಂಚಿನ ಮೇಲೆ ಕೋಟು ಹಾಕಿಕೊಂಡು ಕೂತಳು.

ನಾನು ಎದ್ದು ನಿಂತು ಓದಿದೆ. ಷೆರಿಲ್‌ಗೆ ಇನ್ನೂರ ಆರು, ಮರ್ನಾ ವಿಟಾಲಳಿಗೆ ಎರಡು.

ಜನ ತಲೆ ತಗ್ಗಿಸಿಕೊಂಡು ಬೇಗ ಬೇಗ ಹೊರಟುಹೋದರು. ಅವಳು ಮೇಜಿನ ಹತ್ತಿರ ಬಂದು ಕಪಾಟಿನ ಬೀಗದ ಕೈಗಳನ್ನು ಇಟ್ಟಳು.

"ಲೆಕ್ಕ ಸರಿಯಾಗಿದೆ ತಾನೇ?" ಎಂದಳು.

"ಎರಡು ಸಲ ಎಣಿಸಿದ್ದೀವಿ."

"ಒಂದು ನಂದು." ನನ್ನ ತೋಳನ್ನು ಮೆಲ್ಲಗೆ ಒತ್ತಿದಳು. "ಇನ್ನೊಂದಕ್ಕೆ ಥ್ಯಾಂಕ್ಸ್ ಹಾರ್ಲನ್. ನೀನೊಬ್ಬನಾದ್ರೂ ಹಾಕ್ತೀಯಾ ಅಂತ ಗೊತ್ತಿತ್ತು."

ಆ ಇನ್ನೊಂದು ಯಾರದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನದಲ್ಲ.