ಮುಂದಿನ ಚಕ್ರಕ್ಕೆ ಹಾಕಿದ ಚೈನು

ಸುಹಾಸ್, ಆ ದಿನ ಕಾರು ತಿರುಗಿದ್ದು ನಿನ್ನ ತಪ್ಪಿನಿಂದಲ್ಲ. ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನನ್ನು ನಾನು ತಪ್ಪು ಚಕ್ರಗಳಿಗೆ ಹಾಕಿದ್ದೆ. ಅದು ನನಗೆ ಅವತ್ತೇ ಗೊತ್ತಾಯಿತು — ನಂದಿನಿಯನ್ನು ಕರೆದುಕೊಂಡು ನೀನು ಹೋದ ಹತ್ತು ನಿಮಿಷದೊಳಗೆ. ಆಮೇಲೆ ನಾಲ್ಕು ವರ್ಷ ಎಂಟು ತಿಂಗಳು ನಾನು ಬಾಯಿ ಬಿಡಲಿಲ್ಲ.

ಇದನ್ನು ಯಾವ ಕ್ರಮದಲ್ಲಿ ಬರೆಯಬೇಕೋ ತಿಳಿಯುತ್ತಿಲ್ಲ. ದಿನಚರಿ ಮುಂದೆ ತೆರೆದಿಟ್ಟುಕೊಂಡಿದ್ದೇನೆ, ಅದರ ಕ್ರಮದಲ್ಲೇ ಬರೆಯುತ್ತೇನೆ. ನನಗೆ ಬೇರೆ ದಾರಿ ಬರುವುದಿಲ್ಲ.

ಆ ಕಾರನ್ನು ಹುಡುಕಿಕೊಟ್ಟವನೂ ನಾನೇ. ಬ್ರಿಸ್ಬೇನಿನ ಸೇಂಟ್ ಲೂಸಿಯಾದಲ್ಲಿ ನೀವು ಗಂಡ ಹೆಂಡತಿ, ನಾನು, ಮೂವರೂ ಒಂದೇ ಬಾಡಿಗೆ ಮನೆಯಲ್ಲಿದ್ದಾಗಿನಿಂದ ನಿನಗೆ ಒಂದು ಸ್ಪೋರ್ಟ್ಸ್ ಕಾರಿನ ಆಸೆ. ನಾನು ಕೆಲಸ ಸಿಕ್ಕಿ ಅಡಿಲೇಡಿಗೆ ಬಂದ ಮೇಲೆ, ಕಿಲ್ಬರ್ನಿನ ನನ್ನ ಮನೆಯ ಹತ್ತಿರದ ಅಂಗಳವೊಂದರಲ್ಲಿ ಹಳೆಯದೊಂದು ಮಾರಾಟಕ್ಕೆ ನಿಂತಿತ್ತು. ಎರಡು ಬಾಗಿಲು, ಹಿಂದೆ ಮಕ್ಕಳು ಕೂರುವಷ್ಟು ಜಾಗ. ನಾನು ಹೋಗಿ ಮೂವತ್ತೊಂದು ಅಂಶ ಪರೀಕ್ಷಿಸಿ ನಿನಗೆ ಕಳಿಸಿದೆ. ಅದರಲ್ಲಿ ಆರನೆಯದು, ನನ್ನದೇ ಅಕ್ಷರದಲ್ಲಿ: 'ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ.' ಅಂದರೆ ನನಗೆ ಗೊತ್ತಿರಲಿಲ್ಲ ಅಂತ ಹೇಳುವ ಹಾಗಿಲ್ಲ.

ನೀವಿಬ್ಬರೂ ಬ್ರಿಸ್ಬೇನಿನಿಂದ ವಿಮಾನದಲ್ಲಿ ಬಂದಿರಿ. ಕಾರು ತೆಗೆದುಕೊಂಡು, ದಾರಿಯಲ್ಲಿ ವಿಕ್ಟೋರಿಯಾದ ಬೆಟ್ಟಗಳಲ್ಲಿ ಹಿಮ ನೋಡಿ, ಹಾಗೇ ಮನೆಗೆ ಹೋಗುವುದು ನಿಮ್ಮ ಯೋಚನೆ. ನಾನು ಬೆಟ್ಟದವರೆಗೆ ಬಂದು ಬಸ್ಸಿನಲ್ಲಿ ವಾಪಸ್ಸು. ನಮ್ಮ ಮೂವರಲ್ಲಿ ಯಾರೂ ಹಿಮ ಕಂಡವರಲ್ಲ. ನಂದಿನಿಗೆ ಅದು ರಜೆಯಾಗಿತ್ತು — ಇಲ್ಲಿ ದಂತವೈದ್ಯೆಯಾಗಲು ಬರೆಯಬೇಕಾದ ಪರೀಕ್ಷೆ ಮುಗಿಸಿದ್ದಳು. ಉಳಿದಿದ್ದು ಪ್ರಾಯೋಗಿಕ ಪರೀಕ್ಷೆ ಒಂದೇ, ಒಂಬತ್ತು ವಾರದ ನಂತರ.

ಚೈನಿನ ಜವಾಬ್ದಾರಿ ನಾನೇ ಕೇಳಿ ಪಡೆದದ್ದು. ಸಹೋದ್ಯೋಗಿಯೊಬ್ಬನಿಂದ ಒಂದು ಜೊತೆ ತಂದು, ಕಿಲ್ಬರ್ನಿನ ಶೆಡ್ಡಿನಲ್ಲಿ ನನ್ನ ಸಣ್ಣ ಕಾರಿಗೆ ಹಾಕಿ ಅಭ್ಯಾಸ ಮಾಡಿದೆ. ಮೊದಲ ಸಲ ಇಪ್ಪತ್ತೆರಡು ನಿಮಿಷ. ಆಮೇಲೆ ಹದಿನಾಲ್ಕು. ಆಮೇಲೆ ಒಂಬತ್ತು. ಎಷ್ಟು ಹೆಮ್ಮೆಯಿಂದ ಬರೆದಿಟ್ಟಿದ್ದೇನೆ! ನನ್ನ ಕಾರಿನಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಮೂರು ಸಲವೂ ನನ್ನ ಕೈ ಕಲಿತದ್ದು ಮುಂದಿನ ಚಕ್ರವನ್ನೇ.

2014 ಜುಲೈ 12, ಶನಿವಾರ. ಅಭ್ಯಾಸಕ್ಕೆ ತಂದಿದ್ದ ಜೊತೆ ನಿನ್ನ ಕಾರಿನ ಅಳತೆಯದಲ್ಲ; ಬೆಟ್ಟದ ತಪ್ಪಲಿನಲ್ಲಿ ಬೇರೆ ಚೈನ್ ಬಾಡಿಗೆಗೆ ಕೊಟ್ಟವನು ಎರಡು ಸಲ ಹೇಳಿದ, ಎಂಜಿನ್ ತಿರುಗಿಸುವ ಚಕ್ರಗಳಿಗೇ ಹಾಕಬೇಕು ಅಂತ. ನಾನು ತಲೆಯಾಡಿಸಿದೆ. ಬರೆದುಕೊಂಡೆ ಕೂಡ. ಮೇಲೆ ಹೋಗುವಾಗ ರಸ್ತೆಯಲ್ಲಿ ಹಿಮವಿರಲಿಲ್ಲ, ಚೈನ್ ಬೇಕಾಗಲಿಲ್ಲ. ಮಧ್ಯಾಹ್ನ ಇಳಿಯುವಷ್ಟರಲ್ಲಿ ಹಿಮ ಬೀಳತೊಡಗಿ, ಎಲ್ಲ ಕಾರುಗಳೂ ಚೈನ್ ಹಾಕಲೇಬೇಕೆಂಬ ಫಲಕ ತಿರುಗಿಸಿ ಇಟ್ಟಿದ್ದರು. ರಸ್ತೆಬದಿಗೆ ನಿಲ್ಲಿಸಿದೆವು.

ನೀನು ಇಳಿಯಲು ಹೊರಟೆ. ನಾನೇ ಬೇಡ ಅಂದೆ.

"ಕೂತ್ಕೊಳೋ, ಇಬ್ರು ಕೈ ಹಾಕಿದ್ರೆ ಎಡವಟ್ಟಾಗತ್ತೆ."

"ಆಯ್ತು ಮೇಷ್ಟ್ರೇ, ನಿಮ್ ಲಿಸ್ಟ್ ಇರುವಾಗ ನಂಗೇನ್ ಚಿಂತೆ," ಅಂದೆ ನೀನು.

ಒಳಗಿನಿಂದ ನಂದಿನಿ, "ಮೇಷ್ಟ್ರು ಟೈಮ್ ನೋಡ್ಕೊಂಡ್ ಹಾಕ್ತಾರೆ, ಡಿಸ್ಟರ್ಬ್ ಮಾಡ್ಬೇಡ," ಅಂದಳು. ಇಬ್ಬರೂ ನಕ್ಕಿರಿ.

ನಿಜ. ಟೈಮ್ ನೋಡಿಕೊಂಡೇ ಹಾಕಿದೆ. ಹನ್ನೊಂದು ನಿಮಿಷ. ಬೆರಳು ಮರಗಟ್ಟಿದ್ದವು — ಅಲ್ಲ, ಅದು ಕಾರಣವಲ್ಲ. ಕೈ ತಾನಾಗಿ ಮುಂದಿನ ಚಕ್ರಕ್ಕೆ ಹೋಯಿತು, ನಾನು ಅದರ ಹಿಂದೆ ಹೋದೆ. ಪಟ್ಟಿಯಲ್ಲಿ 'ಚೈನ್' ಎಂಬುದರ ಎದುರು ಸರಿ ಗುರುತು ಹಾಕಿ ಹಿಂದಿನ ಸೀಟಿಗೆ ನುಸುಳಿಕೊಂಡೆ.

ನೀನು ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿದ್ದೆ. ನಾನು ಹಿಂದಿನಿಂದ ನೋಡುತ್ತಿದ್ದೆ. ಇಳಿಜಾರಿನ ಎಡ ತಿರುವಿನಲ್ಲಿ ಕಾರಿನ ಮುಂಭಾಗ ರಸ್ತೆಯನ್ನು ಕಚ್ಚಿ ಹಿಡಿಯಿತು, ಹಿಡಿತವಿಲ್ಲದ ಹಿಂಭಾಗ ಬಲಕ್ಕೆ ಜಾರಿ ಸುತ್ತಿತು. ನೀನು ಬ್ರೇಕ್ ಒತ್ತಲಿಲ್ಲ ಸುಹಾಸ್. ಒತ್ತಿದ್ದರೆ ಹಿಂದಿನ ದೀಪದ ಕೆಂಪು ಹಿಮದ ಮೇಲೆ ಬೀಳುತ್ತಿತ್ತು, ನನ್ನ ಬೆನ್ನ ಹಿಂದೆಯೇ ಗಾಜು, ಜಾರಿದೊಡನೆ ತಿರುಗಿ ನೋಡಿದ್ದೆ — ಬೀಳಲಿಲ್ಲ. ಜಾರಿದ ಕಡೆಗೇ ಸ್ಟೀರಿಂಗ್ ತಿರುಗಿಸಿದೆ. ಮಾಡಬೇಕಾದದ್ದನ್ನೇ ಮಾಡಿದೆ. ಕಾರು ರಸ್ತೆಬದಿಯ ಮರಕ್ಕೆ ಮುಖ ಗುದ್ದಿ ನಿಂತಿತು. ಡ್ಯಾಶ್‌ಬೋರ್ಡಿಗೆ ಬಲಗೈ ಊರಿ ಹಿಡಿದಿದ್ದಳು ನಂದಿನಿ.

ಹಿಂದೆ ಬರುತ್ತಿದ್ದ ದಂಪತಿ ನಿಮ್ಮಿಬ್ಬರನ್ನೂ ತಮ್ಮ ವಾಹನದಲ್ಲಿ ಕೆಳಗಿನ ಆಸ್ಪತ್ರೆಗೆ ಕರೆದೊಯ್ದರು. ಕಾರು ಎಳೆದೊಯ್ಯುವ ಟ್ರಕ್ಕಿಗಾಗಿ ನಾನೊಬ್ಬನೇ ಉಳಿದೆ. ಸುಮ್ಮನೆ ಕಾರನ್ನು ಒಂದು ಸುತ್ತು ಬಂದೆ. ಆಗ ಕಂಡಿತು.

ಮಂಡಿಯೂರಿ ಚೈನ್ ಬಿಚ್ಚಿದೆ. ತೊಳೆದ ಹಾಗೆ ಹಿಮದಲ್ಲಿ ಉಜ್ಜಿ ಚೀಲಕ್ಕೆ ತುಂಬಿದೆ. ಎಷ್ಟು ನಿಮಿಷ ಹಿಡಿಯಿತು ಎಂದು ದಿನಚರಿಯಲ್ಲಿಲ್ಲ. ಅದೊಂದನ್ನು ನಾನು ಬರೆದಿಲ್ಲ.

ಟ್ರಕ್ಕಿನವನು ಚೀಲ ನೋಡಿ, ಚೈನ್ ಹಾಕಿದ್ದಿರಾ ಎಂದು ಕೇಳಿದ. ಹಾಕಿದ್ದೆವು, ಈಗ ಬಿಚ್ಚಿದೆ ಅಂದೆ. "ಹಾಗಾದ್ರೆ ನಿನ್ನ ಗೆಳೆಯ ಗಾಬರಿಯಲ್ಲಿ ಬ್ರೇಕ್ ತುಳಿದಿರ್ತಾನೆ, ಮೇಟ್. ಎಲ್ಲರೂ ಅದನ್ನೇ ಮಾಡೋದು."

ಮಾರನೆಯ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನೀನು ನನ್ನ ತೋಳು ಹಿಡಿದುಕೊಂಡು ಕೇಳಿದೆ:

"ಚೈನ್ ಸರಿಯಾಗಿತ್ತಲ್ವೇನೋ?"

"ಸರಿಯಾಗಿತ್ತು," ಅಂದೆ.

"ಮತ್ತೆ... ಟ್ರಕ್ಕಿನವ್ನು ಏನಾದ್ರೂ ಅಂದ್ನಾ?"

ಇಲ್ಲ ಅನ್ನಬಹುದಿತ್ತು. ಅವನ ಮಾತನ್ನು ಒಂದಕ್ಷರ ಬಿಡದೆ ನಿನಗೆ ಒಪ್ಪಿಸಿದೆ. ನೀನು ಬ್ರೇಕ್ ತುಳಿಯಲಿಲ್ಲ ಎಂದು ತಿಳಿದಿದ್ದವನು ಪ್ರಪಂಚದಲ್ಲಿ ನಾನೊಬ್ಬನೇ, ಸುಹಾಸ್. ನಿನ್ನ ಮುಖ ನೋಡುತ್ತಲೇ ಹೇಳಿದೆ. "ಇರ್ಬೇಕು ಕಣೋ, ನಂಗೆ ನೆನಪೇ ಇಲ್ಲ," ಅಂದೆ ನೀನು. ಅಲ್ಲಿಂದ ಮುಂದೆ ನಿನಗೆ ತುಳಿದ ನೆನಪು ಬರತೊಡಗಿತು.

ನಂದಿನಿಯ ಮುರಿದ ಬಲ ಮಣಿಕಟ್ಟಿಗೆ ಎರಡು ಶಸ್ತ್ರಚಿಕಿತ್ಸೆಯಾಯಿತು. ಮೂಳೆ ಕೂಡಿತು, ನರ ಕೂಡಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಲ್ಲಿನ ಉಪಕರಣ ನಿಲ್ಲಲಿಲ್ಲ. ಪರೀಕ್ಷೆಯ ದಿನ ಬಂತು, ಹೋಯಿತು. ಈಗ ಬ್ರಿಸ್ಬೇನಿನ ಇಂಡೂರೂಪಿಲ್ಲಿಯಲ್ಲಿ ಬೇರೆ ಯಾರದೋ ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು ಅವಳು ಎಡಗೈಯಲ್ಲಿ ಟೈಪ್ ಮಾಡುತ್ತಾಳೆ.

2016ರ ಈಸ್ಟರ್ ರಜೆಗೆ ನಾನು ನಿಮ್ಮ ಮನೆಗೆ ಬಂದಿದ್ದೆ. ಊಟದ ನಡುವೆ, ಯಾವುದೋ ಸಣ್ಣ ಮಾತಿಗೆ, ಅವಳು ಮೆಲ್ಲಗೆ ಅಂದಳು: "ಇಪ್ಪತ್ತರಲ್ಲಿದ್ದ ಕಾರನ್ನ ಹಿಡಿಯೋಕಾಗ್ಲಿಲ್ಲ ನಿನಗೆ." ನೀನು ತಟ್ಟೆ ಬಿಟ್ಟು ಎದ್ದೆ. ನಾನು — ಇದನ್ನೂ ಹೇಳಿಬಿಡುತ್ತೇನೆ — ಇನ್ನೊಂದು ಸೌಟು ಸಾರು ಬಡಿಸಿಕೊಂಡೆ. ಎರಡು ನಿಮಿಷದ ಕೆಲಸವಿತ್ತು ನನಗೆ, ಆ ಮೇಜಿನ ಮುಂದೆ. ಮಾಡಲಿಲ್ಲ.

ಮರುವರ್ಷ ನೀನೊಬ್ಬನೇ ಪರ್ತ್ ನಗರಕ್ಕೆ ಹೋದೆ. ನಡುರಾತ್ರಿ, ಹಗಲು ಎನ್ನದೆ ಫೋನ್ ಮಾಡಿ ಅದೇ ತಿರುವಿನ ಬಗ್ಗೆ ಕೇಳುತ್ತಿದ್ದೆ. ಪ್ರತಿ ಸಲವೂ ದಿನಚರಿಯ ಅಂಚಿನಲ್ಲಿ ಒಂದು ಗೀರು ಹಾಕಿದ್ದೇನೆ. ಈಗ ಎಣಿಸಿದೆ, ಇಪ್ಪತ್ತಮೂರು. ಇಪ್ಪತ್ತಮೂರು ಸಲವೂ, "ಬಿಡೋ, ಯಾರಿಗಾದ್ರೂ ಆಗ್ತಿತ್ತು," ಅಂದೆ. ಅದನ್ನು ನೀನು ಕ್ಷಮೆ ಎಂದುಕೊಂಡೆ.

ಕಳೆದ ತಿಂಗಳು ಪರ್ತಿಗೆ ಬಂದದ್ದು ಆಫೀಸಿನ ಕೆಲಸಕ್ಕಲ್ಲ. ಇದನ್ನು ಹೇಳುವುದಕ್ಕೇ ಬಂದಿದ್ದೆ. ನೀನು ಕಾರು ಓಡಿಸುವುದನ್ನು ಬಿಟ್ಟಿದ್ದೀಯ ಎಂದು ನನಗೆ ಗೊತ್ತಿತ್ತು. ಆದರೆ ಸ್ಟೇಷನ್ನಿನಿಂದ ನಿನ್ನ ಮನೆಗೆ ನಾವು ಟ್ಯಾಕ್ಸಿ ಹತ್ತಿದಾಗ, ಪ್ರತಿ ತಿರುವಿನಲ್ಲೂ ನಿನ್ನ ಬಲಗಾಲು ತನ್ನಷ್ಟಕ್ಕೆ ಮೇಲೇಳುವುದನ್ನು ಕಂಡೆ. ಇಲ್ಲದ ಬ್ರೇಕಿನಿಂದ ನೀನು ಕಾಲು ತೆಗೆಯುತ್ತಿದ್ದೆ. ಮನೆ ಬಂದಾಗ ನೀನು ಹೇಳಿದೆ, "ನೀನೊಬ್ಬ ನನ್ನ ಬಯ್ಯದೆ ಉಳ್ಕೊಂಡೆ ಕಣೋ, ಮೇಷ್ಟ್ರೇ. ಇಲ್ದಿದ್ರೆ ನಾನು ಏನಾಗ್ತಿದ್ನೋ." ಆಮೇಲೆ ನನ್ನಿಂದ ಆಗಲಿಲ್ಲ. ಎರಡು ದಿನ ಉಂಡು, ನಿನ್ನ ಹಾಸಿಗೆಯಲ್ಲಿ ಮಲಗಿ, ಅಡಿಲೇಡಿಗೆ ವಾಪಸ್ಸು ಬಂದೆ.

ಯಾಕೆ ಮುಚ್ಚಿಟ್ಟೆ ಎಂದು ನೀನು ಕೇಳುತ್ತೀಯ. ಹೆದರಿಕೆ ಅನ್ನಬಹುದು. ಪೂರ್ತಿ ಹೆದರಿಕೆಯೂ ಅಲ್ಲ... ನಾನು ತಪ್ಪು ಮಾಡದವನು ಎಂದು ನೀವಿಬ್ಬರೂ ನಂಬಿದ್ದಿರಿ. ಆ ನಂಬಿಕೆಯಲ್ಲಿ ನನಗೆ ಹಾಯಾಗಿತ್ತು. ಅಷ್ಟಕ್ಕಾಗಿ ನಿಮ್ಮ ಸಂಸಾರ ಹೋಗುವುದನ್ನು ನೋಡುತ್ತ ಕೂತೆ.

ಇದೇ ಕಾಗದದ ಇನ್ನೊಂದು ಪ್ರತಿ ನನ್ನ ಕೈಯಲ್ಲಿದೆ. ಇದನ್ನು ಈ ರಾತ್ರಿಯೇ ನಿನಗೆ ಮೇಲ್ ಮಾಡಿ, ನಾಳೆ ಬ್ರಿಸ್ಬೇನಿಗೆ ಹೋಗಿ ನಂದಿನಿಯ ಎದುರು ನಿಂತು ಓದುತ್ತೇನೆ. ಅವಳ ಬೆರಳಾಗಲಿ, ನಿಮ್ಮ ಮನೆಯಾಗಲಿ ಇದರಿಂದ ಮರಳುವುದಿಲ್ಲ. ಸಹಿಯಾದ ವಿಚ್ಛೇದನದ ಕಾಗದಗಳೂ ಹಾಗೇ ಇರುತ್ತವೆ. ಅವಳು ನಿನಗೆ ಫೋನ್ ಮಾಡಬಹುದು, ಮಾಡದೆಯೂ ಇರಬಹುದು. ಬೇರೆಯಾದ ಮೇಲೆ ಅವಳ ಕರೆಯನ್ನು ನೀನು ಒಮ್ಮೆಯೂ ಎತ್ತಿಲ್ಲ ಎಂದು ಗೊತ್ತು. ಬಯ್ಯಲು ಅವಳಿಗೆ ಹಕ್ಕಿದೆ, ಕೇಳಲು ನನಗೆ ಶಕ್ತಿಯಿಲ್ಲ ಎಂದು ನೀನೇ ಹೇಳಿದ್ದೆ.

ಈ ಸಲ ಎತ್ತು, ಸುಹಾಸ್. ಬೈಸಿಕೊಳ್ಳಬೇಕಾದವನು ಅವಳ ಮುಂದೆಯೇ ನಿಂತಿರುತ್ತಾನೆ.